ಆಳಂದದ ಕುದುರೆ ಸಂತೆಯೂ ಓಟದ ಕಾಲ್ಗತಿಯೂ

ಕ್ರಿ. ಶ. 1470ರ ಸುಮಾರಿಗೆ ಬಹಮನಿ ರಾಜ್ಯದಲ್ಲಿ ಸಂಚರಿಸಿದ ರಷ್ಯದ ವರ್ತಕ ಅಫನಾಸಿ ನಿಕಿತಿನನು ತನ್ನ ಪ್ರವಾಸದ ಟಿಪ್ಪಣಿಗಳಲ್ಲಿ ಶೇಖ್ ಅಲಾಉದ್ದೀನನ ಸ್ಮರಣಾರ್ಥವಾಗಿ ನೆರೆಯುತ್ತಿದ್ದ ಒಂದು ಸಂತೆಯನ್ನು ವರ್ಣಿಸಿದ್ದಾನೆ. ಅದು ಬೀದರಿನಿಂದ ಹನ್ನೆರಡು ಕೋವುಗಳ ದೂರದಲ್ಲಿ, ವರ್ಷಕ್ಕೊಮ್ಮೆ, ಹತ್ತು ದಿನಗಳ ಕಾಲ ನಡೆಯುತ್ತಿತ್ತೆಂದೂ, ಹಿಂದೂಸ್ತಾನದಲ್ಲಿ ಅದೇ ಅತ್ಯುತ್ತಮವಾದ ಸಂತೆಯೆಂದೂ, ಅಲ್ಲಿಗೆ ಇಪ್ಪತ್ತು ಸಾವಿರದವರೆಗೆ ಕುದುರೆಗಳನ್ನು ಮಾರಾಟಕ್ಕೆ ತರುತ್ತಿದ್ದರೆಂದೂ ಅವನ ಹೇಳಿಕೆ. ಈ ಸ್ಥಳವು ಇಂದಿನ ಕಲಬುರಗಿ ಜಿಲ್ಲೆಯ ಆಳಂದವೆಂದೂ, ಆ ಶೇಖ್ ಅಲ್ಲಿಯ ದರ್ಗಾದಲ್ಲಿ ಮಲಗಿರುವ, ಲಾಡ್ಲೆ ಮಶಾಯಕ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಸೂಫಿ ಸಂತನೆಂದೂ ವಿದ್ವಾಂಸರು ಗುರುತಿಸಿದ್ದಾರೆ. ಜಿಡಗಾ ಮೊದಲಾದ ಗ್ರಾಮಗಳನ್ನೊಳಗೊಂಡ ಈ ತಾಲೂಕು ಇಂದು ತೊಗರಿಯ ಬೆಳೆಗೂ ಮಠಗಳಿಗೂ ಹೆಸರಾಗಿದೆ. ಇದೇ ನೆಲವು ಐದೂವರೆ ಶತಮಾನಗಳ ಹಿಂದೆ ದಕ್ಷಿಣಾಪಥದ ಬಹು ದೊಡ್ಡ ಅಶ್ವವಿಪಣಿಯಾಗಿತ್ತೆಂಬುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಬಲ್ಲವರು ವಿರಳ.

ನಿಕಿತಿನನು ಕೊಡುವ ಸಂಖ್ಯೆಯನ್ನು ಎಣಿಕೆಯ ಲೆಕ್ಕವೆಂದು ತಿಳಿಯಬಾರದು. ಅದು ಒಬ್ಬ ವರ್ತಕನ ಅಂದಾಜು. ಸಂತೆಯು ರಷ್ಯದ ಪೊಕ್ರೋವ್ ಹಬ್ಬದ ವೇಳೆಗೆ, ಅಂದರೆ ಹಳೆಯ ಪಂಚಾಂಗದ ಅಕ್ಟೋಬರ್ 1ರ ಸುಮಾರಿಗೆ, ನಡೆಯುತ್ತದೆಂಬ ಅವನ ಮಾತನ್ನೂ ಹಾಗೆಯೇ ಎಚ್ಚರದಿಂದ ಓದಬೇಕು. ಸಂತನ ಸ್ಮರಣೆಯ ದಿನವು ಹಿಜರಿ ಪಂಚಾಂಗವನ್ನು ಅನುಸರಿಸಿದ್ದರೆ ಅದು ಪ್ರತಿ ವರ್ಷವೂ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತಿತ್ತು. ಆದುದರಿಂದ ಈ ಕಾಲನಿರ್ದೇಶವು ಅವನ ಪ್ರವಾಸದ ಒಂದೆರಡು ವರ್ಷಗಳಿಗೆ ಮಾತ್ರ ಅನ್ವಯಿಸೀತು. ಆದರೆ ಕುದುರೆಯ ವಿಷಯದಲ್ಲಿ ಅವನ ಸಾಕ್ಷ್ಯವು ಅನುಭವದಿಂದ ಬಂದುದು. ಅವನು ಸಮುದ್ರ ದಾಟಿ ಬಂದದ್ದೇ ಮಾರಾಟಕ್ಕೆಂದು ಒಂದು ಗಂಡುಕುದುರೆಯನ್ನು ತೆಗೆದುಕೊಂಡು. ಜುನ್ನರದಲ್ಲಿ ಅಲ್ಲಿಯ ಖಾನನು ಅದನ್ನು ಕಿತ್ತುಕೊಂಡನು. ಬಹು ಪ್ರಯಾಸದಿಂದ ಅದನ್ನು ಮರಳಿ ಪಡೆದ ಮೇಲೆ ನಿಕಿತಿನನು ಬೀದರಿನಲ್ಲಿ ಮಾರಿದನು. ಈ ದೇಶದಲ್ಲಿ ಕುದುರೆಗಳು ಹುಟ್ಟುವುದಿಲ್ಲ, ಇಲ್ಲಿ ಹುಟ್ಟುವುವು ಎತ್ತು ಎಮ್ಮೆಗಳು ಎಂದು ಅವನು ಬರೆದಿಟ್ಟಿರುವುದು ಈ ವ್ಯಾಪಾರದ ಮೂಲಕಾರಣವನ್ನೇ ಹೇಳುವ ಮಾತಾಗಿದೆ.

ದಕ್ಷಿಣದ ಅಶ್ವವ್ಯಾಪಾರವನ್ನು ಕುರಿತು ಬರೆದವರು ಬಂದರುಗಳನ್ನೂ ಬೆಲೆಗಳನ್ನೂ ಸೈನ್ಯದ ಸಂಖ್ಯೆಗಳನ್ನೂ ಹೇರಳವಾಗಿ ಚರ್ಚಿಸಿದ್ದಾರೆ. ಆದರೆ ಕೊಳ್ಳುವವನು ಏನನ್ನು ನೋಡಿ ಹಣ ಕೊಡುತ್ತಿದ್ದನು ಎಂಬ ಪ್ರಶ್ನೆಯು ಹಾಗೆಯೇ ಉಳಿದಿದೆ. ಅವನು ಕೊಳ್ಳುತ್ತಿದ್ದುದು ನಾಲ್ಕು ಕಾಲುಗಳ ಗತಿಯನ್ನು. ಆ ಗತಿಯನ್ನು ಬರಿಗಣ್ಣು ಎಷ್ಟರಮಟ್ಟಿಗೆ ಬಲ್ಲುದು? ನಮ್ಮ ಶಾಸ್ತ್ರಕಾರರೂ ಶಿಲ್ಪಿಗಳೂ ಅದರಲ್ಲಿ ಎಷ್ಟನ್ನು ಕಂಡಿದ್ದರು? ಕುದುರೆಯ ಓಟಕ್ಕೂ ಮನುಷ್ಯನ ಓಟಕ್ಕೂ ಇರುವ ಅಂತರವು ನಮ್ಮ ಇತಿಹಾಸದ ಯಾವ ಸಂಗತಿಗಳನ್ನು ವಿವರಿಸುತ್ತದೆ? ಈ ಮೂರು ಪ್ರಶ್ನೆಗಳನ್ನು ಸಂಕ್ಷೇಪವಾಗಿ ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

2

ಅಶ್ವವಿದ್ಯೆಯು ಈ ಪ್ರಾಂತಕ್ಕೆ ಬಹಮನಿಗಳೊಡನೆ ಬಂದುದಲ್ಲ. ಆಳಂದಕ್ಕೆ ಉತ್ತರದಲ್ಲಿರುವ ಕಲ್ಯಾಣದಲ್ಲಿ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವೆಂಬ, ಅಭಿಲಷಿತಾರ್ಥ ಚಿಂತಾಮಣಿಯೆಂದೂ ಹೆಸರುಳ್ಳ, ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು. ಗ್ರಂಥದಲ್ಲಿಯೇ ಶಕ 1051, ಎಂದರೆ ಕ್ರಿ. ಶ. 1129ರ ಉಲ್ಲೇಖವಿದೆ. ಅದರ ವಿನೋದಗಳ ಭಾಗದಲ್ಲಿ ವಾಜಿವಾಹ್ಯಾಲಿಯೆಂಬ ಪ್ರಕರಣವೊಂದುಂಟು. ಎರಡು ಪಕ್ಷಗಳ ರಾವುತರು ಕೋಲುಗಳಿಂದ ಚೆಂಡನ್ನು ಹೊಡೆದು ತೋರಣದೊಳಕ್ಕೆ ಸಾಗಿಸುವ, ಈಗಿನ ಪೋಲೋ ಆಟವನ್ನು ಹೋಲುವ ಕ್ರೀಡೆ ಅದು. ಇಂಥ ಆಟದಲ್ಲಿ ಬರಿಯ ವೇಗವಿದ್ದರೆ ಸಾಲದು. ಓಡುವ ಕುದುರೆಯು ಥಟ್ಟನೆ ನಿಲ್ಲಬೇಕು, ನಿಂತಲ್ಲಿಯೇ ತಿರುಗಬೇಕು, ಮುಂದಿಡುವ ಕಾಲನ್ನು ಎಡಕ್ಕೂ ಬಲಕ್ಕೂ ಬದಲಿಸಬೇಕು. ಕಲ್ಯಾಣದ ಅರಮನೆಯ ಬಯಲಿನಲ್ಲಿ ಅಶ್ವಗತಿಯ ಸೂಕ್ಷ್ಮವಾದ ಅಭ್ಯಾಸವು ನಡೆದಿತ್ತೆಂಬುದಕ್ಕೆ ಈ ಪ್ರಕರಣವೇ ಸಾಕ್ಷಿ.

ಅಮರಕೋಶವು ಕುದುರೆಯ ಗತಿಗಳನ್ನು ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಎಂದು ಐದಾಗಿ ವಿಂಗಡಿಸಿ ಅವುಗಳಿಗೆ ಧಾರೆಗಳೆಂದು ಹೆಸರಿಡುತ್ತದೆ. ಈ ಐದರಲ್ಲಿ ಯಾವುದು ಇಂದಿನ ಯಾವ ಗತಿಗೆ ಸಮಾನವೆಂಬ ವಿಷಯದಲ್ಲಿ ಅರ್ಥಭೇದಗಳಿವೆಯಾದುದರಿಂದ ಒಂದಕ್ಕೊಂದನ್ನು ಜೋಡಿಸುವ ಸಾಹಸಕ್ಕೆ ನಾವು ಕೈಹಾಕುವುದಿಲ್ಲ. ನಮ್ಮ ಗಮನಕ್ಕೆ ಬರಬೇಕಾದುದು ಇಷ್ಟು: ವೇಗವು ಹೆಚ್ಚಿದಂತೆ ಕುದುರೆಯು ಅದೇ ನಡೆಯನ್ನು ತ್ವರೆಗೊಳಿಸುವುದಿಲ್ಲ, ಒಂದು ನಡೆಯನ್ನು ಬಿಟ್ಟು ಬೇರೊಂದಕ್ಕೆ ಹಾರುತ್ತದೆ ಎಂಬುದನ್ನು ಪ್ರಾಚೀನರು ಸ್ಪಷ್ಟವಾಗಿ ಕಂಡಿದ್ದರು. ಕನ್ನಡದಲ್ಲಿಯೂ ಸುಮಾರು 1400ರಲ್ಲಿದ್ದ ಅಭಿನವಚಂದ್ರನು ಅಶ್ವವೈದ್ಯವನ್ನು ಕುರಿತು ಬರೆದನು. 1627ರಲ್ಲಿ ಪದ್ಮಣ ಪಂಡಿತನು ಮೈಸೂರಿನ ಆಶ್ರಯದಲ್ಲಿ ಹಯಸಾರ ಸಮುಚ್ಚಯವನ್ನು ರಚಿಸಿದನು. ಆಡುಮಾತಿನ ‘ನಾಗಾಲೋಟ’ವೆಂಬ ಪದವಂತೂ ನಾಲ್ಕು ಕಾಲಿನ ಓಟವೆಂಬ ಅರ್ಥವನ್ನು ತನ್ನ ಒಡಲಲ್ಲಿಯೇ ಇರಿಸಿಕೊಂಡಿದೆ.

3

ಗತಿಗಳಿಗೆ ಹೆಸರಿಡುವುದು ಬೇರೆ, ಗತಿಯೊಳಗೆ ಒಂದೊಂದು ಕಾಲು ಯಾವ ಕ್ಷಣದಲ್ಲಿ ಎಲ್ಲಿರುತ್ತದೆಂಬುದನ್ನು ತಿಳಿಯುವುದು ಬೇರೆ. ನಾಗಾಲೋಟದಲ್ಲಿರುವ ಕುದುರೆಯು ಒಂದು ಸೆಕೆಂಡಿನಲ್ಲಿ ಎರಡಕ್ಕೂ ಹೆಚ್ಚು ಸಾರಿ ತನ್ನ ನಾಲ್ಕು ಕಾಲುಗಳ ಆವರ್ತವನ್ನು ಮುಗಿಸುತ್ತದೆ. ಆ ವೇಗವನ್ನು ಕಣ್ಣು ಹಿಂಬಾಲಿಸಲಾರದು. ಆದುದರಿಂದಲೇ ಶಿಲ್ಪಿಯೂ ಚಿತ್ರಕಾರನೂ ತಮಗೆ ತೋಚಿದ ಒಂದು ಸಂಕೇತವನ್ನು ಆರಿಸಿಕೊಳ್ಳಬೇಕಾಯಿತು. ನಮ್ಮ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಹಿಂಗಾಲುಗಳನ್ನೂರಿ ಮುಂಗಾಲುಗಳನ್ನೆತ್ತಿದ ಕುದುರೆಯನ್ನು ಕಾಣುತ್ತೇವೆ. ಹಂಪೆಯ ಮಹಾನವಮಿ ದಿಬ್ಬದ ಮೇಲೂ ಹಜಾರರಾಮ ದೇವಾಲಯದ ಹೊರಗೋಡೆಯ ಮೇಲೂ ಸಾಲುಗೊಂಡ ಕುದುರೆಗಳು ಮೆರವಣಿಗೆಯಲ್ಲಿ ಸಾಗುತ್ತವೆ. ಯೂರೋಪಿನ ಚಿತ್ರಕಾರರಾದರೋ ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ ಗಾಳಿಯಲ್ಲಿ ತೇಲುವ ಕುದುರೆಯನ್ನು ಬರೆದರು. ಜೆರಿಕೋ ಎಂಬ ಫ್ರೆಂಚ್ ಕಲಾವಿದನು 1821ರಲ್ಲಿ ಬರೆದ ಎಪ್ಸಮ್ಮಿನ ಪಂದ್ಯದ ಚಿತ್ರವು ಇದಕ್ಕೆ ಪ್ರಸಿದ್ಧ ನಿದರ್ಶನ.

ಈ ಸಂಶಯವನ್ನು ಹರಿಸಿದುದು ಹತ್ತೊಂಬತ್ತನೆಯ ಶತಮಾನದ ಯಂತ್ರಗಳು. ಇಟಲಿಯ ಬೊರೆಲಿಯು ಪ್ರಾಣಿಗಳ ಚಲನೆಯನ್ನು ಸನ್ನೆಕೋಲಿನ ನಿಯಮಗಳಿಂದ ವಿವರಿಸಲು ಯತ್ನಿಸಿದ ಗ್ರಂಥವು 1680–81ರಲ್ಲಿ, ಅವನ ಮರಣಾನಂತರ, ಪ್ರಕಟವಾಗಿತ್ತು. ಜರ್ಮನಿಯ ವೇಬರ್ ಸಹೋದರರು 1836ರಲ್ಲಿ ಮನುಷ್ಯನ ನಡಿಗೆಯನ್ನು ಅಳತೆಗೊಳಪಡಿಸಿದರು. ಫ್ರಾನ್ಸಿನ ಮಾರೇ ಎಂಬ ಶರೀರವಿಜ್ಞಾನಿಯು ಕುದುರೆಯ ಗೊರಸಿನ ಕೆಳಗೆ ಗಾಳಿ ತುಂಬಿದ ಚೀಲಗಳನ್ನಳವಡಿಸಿ, ಪ್ರತಿಯೊಂದು ಗೊರಸು ನೆಲವನ್ನೊತ್ತುವ ಕಾಲವನ್ನು ತಿರುಗುವ ಉರುಳೆಯ ಮೇಲೆ ಗೆರೆಗಳಾಗಿ ಮೂಡಿಸಿದನು. ಅವನ ಗ್ರಂಥವು 1873ರಲ್ಲಿ ಹೊರಬಂದಿತು. 1878ರ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯದ ಪಾಲೋ ಆಲ್ಟೋದಲ್ಲಿ ಮೈಬ್ರಿಜ್ ಎಂಬ ಛಾಯಾಚಿತ್ರಕಾರನು ಹನ್ನೆರಡು ಕ್ಯಾಮರಾಗಳನ್ನು ಸಾಲಾಗಿರಿಸಿ ಓಡುವ ಕುದುರೆಯ ಅನುಕ್ರಮ ಚಿತ್ರಗಳನ್ನು ತೆಗೆದನು.

ಫಲಿತಾಂಶವು ಕಲಾವಿದರನ್ನು ಬೆರಗುಗೊಳಿಸಿತು. ನಾಗಾಲೋಟದಲ್ಲಿ ನಾಲ್ಕೂ ಗೊರಸುಗಳು ನೆಲ ಬಿಟ್ಟಿರುವ ಕ್ಷಣವೊಂದುಂಟೆಂಬುದು ದಿಟವಾಯಿತು. ಆದರೆ ಅದು ಕಾಲುಗಳು ಚಾಚಿಕೊಂಡಿರುವ ಕ್ಷಣವಲ್ಲ, ಅವು ಹೊಟ್ಟೆಯ ಕೆಳಗೆ ಮುದುಡಿಕೊಂಡಿರುವ ಕ್ಷಣ. ಹಿಂಗಾಲುಗಳೆರಡು ಒಂದಾದ ಮೇಲೊಂದರಂತೆ ನೆಲ ಮುಟ್ಟುತ್ತವೆ. ಅನಂತರ ಮುಂಗಾಲುಗಳೆರಡು ಅದೇ ಕ್ರಮದಲ್ಲಿ ಭಾರವನ್ನು ಹೊತ್ತು, ಕಡೆಯ ಮುಂಗಾಲಿನ ಮೇಲಿಂದ ದೇಹವು ನೆಗೆದಾಗ ಮಾತ್ರ ಕುದುರೆಯು ಗಾಳಿಯಲ್ಲಿರುತ್ತದೆ. ನೂರಾರು ವರ್ಷ ಕುದುರೆಗಳ ನಡುವೆಯೇ ಬಾಳಿದ ಜನಾಂಗಗಳಿಗೂ ಕಾಣದಿದ್ದ ಸತ್ಯವಿದು. ಹಾಗೆಂದು ನಮ್ಮ ಶಿಲ್ಪಿಗಳನ್ನು ಅಜ್ಞರೆನ್ನುವುದು ಸಲ್ಲದು. ವೀರಗಲ್ಲಿನ ಕುದುರೆಯು ಓಟದ ನಕ್ಷೆಯಲ್ಲ, ಶೌರ್ಯದ ಸಂಕೇತ. ಸಂಕೇತವನ್ನು ಅಳತೆಯ ದಾಖಲೆಯೆಂದು ಓದಿ, ಅದರಿಂದ ಅಂದಿನ ಕುದುರೆಗಳ ಗತಿಯನ್ನು ಊಹಿಸಹೊರಡುವ ಇತಿಹಾಸಕಾರನೇ ಇಲ್ಲಿ ಎಚ್ಚರ ವಹಿಸಬೇಕಾದವನು.

4

ಕುದುರೆಯ ಕಾಲಿನ ರಚನೆಯನ್ನು ನಮ್ಮ ಕೈಕಾಲುಗಳೊಡನೆ ಹೋಲಿಸಿದರೆ ಓಟದ ಗುಟ್ಟು ತಿಳಿಯುತ್ತದೆ. ಕುದುರೆಯ ಮುಂಗಾಲಿನಲ್ಲಿ ನಾವು ಮೊಣಕಾಲೆನ್ನುವ ಸಂದು ನಿಜವಾಗಿ ನಮ್ಮ ಮಣಿಕಟ್ಟಿಗೆ ಸಮಾನ. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿದ ಸಂದು ನಮ್ಮ ಹಿಮ್ಮಡಿ. ಅಂದರೆ ಕುದುರೆಯು ಪ್ರತಿಯೊಂದು ಕಾಲಿನಲ್ಲಿಯೂ ನಡುಬೆರಳೊಂದರ ತುದಿಯ ಮೇಲೆ ನಿಂತಿರುತ್ತದೆ. ಗೊರಸು ಆ ಬೆರಳಿನ ಉಗುರು. ಮಾಂಸಖಂಡಗಳೆಲ್ಲವೂ ದೇಹದ ಸಮೀಪದಲ್ಲಿ ಗುಂಪುಗೂಡಿದ್ದು, ಈ ಸಂದುಗಳಿಂದ ಕೆಳಗೆ ಎಲುಬೂ ಸ್ನಾಯುರಜ್ಜುಗಳೂ ಮಾತ್ರವೆನ್ನುವಷ್ಟು ಉಳಿದಿವೆ. ತುದಿಯು ಹಗುರವಾದ ಕೋಲನ್ನು ಬೀಸುವುದು ತುದಿಯು ಭಾರವಾದ ಕೋಲನ್ನು ಬೀಸುವುದಕ್ಕಿಂತ ಸುಲಭವಷ್ಟೆ. ಕುದುರೆಯ ಕಾಲು ಮುಂದಕ್ಕೆ ಚಿಮ್ಮುವುದಕ್ಕೆ ಕಡಿಮೆ ಶ್ರಮ ಸಾಕಾಗುವುದು ಇದರಿಂದಲೇ. ಅದಕ್ಕೆ ಕೊರಳೆಲುಬು ಇಲ್ಲ. ಮುಂಗಾಲುಗಳ ನಡುವೆ ಎದೆಗೂಡು ಮಾಂಸಖಂಡಗಳ ಜೋಲಿಯಲ್ಲಿ ತೂಗಿಕೊಂಡಿರುತ್ತದೆ.

ಗೊರಸು ನೆಲಕ್ಕೆ ತಾಗಿದೊಡನೆ ದೇಹದ ಭಾರದಿಂದ ಗೊರಸಿನ ಮೇಲಿನ ಗೆಣ್ಣು ಕೆಳಕ್ಕೆ ಬಾಗಿ, ಕಾಲಿನ ಹಿಂಬದಿಯ ಉದ್ದವಾದ ರಜ್ಜುಗಳು ಸ್ಪ್ರಿಂಗಿನಂತೆ ಎಳೆಯಲ್ಪಡುತ್ತವೆ. ಕಾಲು ನೆಲ ಬಿಡುವಾಗ ಅವು ಕುಗ್ಗಿ, ಕೂಡಿಟ್ಟ ಶಕ್ತಿಯನ್ನು ಹಿಂದಿರುಗಿಸುತ್ತವೆ. ನಾಗಾಲೋಟದಲ್ಲಿ ಒಂದೇ ಮುಂಗಾಲಿನ ಮೇಲೆ ಬೀಳುವ ಗರಿಷ್ಠ ಒತ್ತಡವು ಕುದುರೆಯ ದೇಹಭಾರದ ಸುಮಾರು ಎರಡೂವರೆ ಪಟ್ಟು. ಓಟದ ಕುದುರೆಗಳಲ್ಲಿ ರಜ್ಜು ಹರಿಯುವುದು ಇಷ್ಟು ಸಾಮಾನ್ಯವಾಗಿರುವುದಕ್ಕೆ ಇದೇ ಕಾರಣ. ಉಸಿರಾಟವೂ ಓಟಕ್ಕೆ ಬಂಧಿತವಾಗಿದೆ: ನಾಗಾಲೋಟದಲ್ಲಿ ಕುದುರೆಯು ಒಂದು ಆವರ್ತಕ್ಕೆ ಒಂದೇ ಉಸಿರನ್ನು ತೆಗೆದುಕೊಳ್ಳುತ್ತದೆ.

ಸಂತೆಯಲ್ಲಿ ಇದರ ಪ್ರಯೋಜನವೇನು? ಇಂದಿನ ಪಶುವೈದ್ಯರು ಕುಂಟನ್ನು ಪರೀಕ್ಷಿಸುವಾಗ ಕುದುರೆಯನ್ನು ನಾಗಾಲೋಟದಲ್ಲಿ ಓಡಿಸುವುದಿಲ್ಲ. ಕರ್ಣರೇಖೆಯಲ್ಲಿರುವ ಕಾಲುಗಳು ಜೋಡಿಯಾಗಿ ಏಳುವ, ಸವಾರರು ‘ಟ್ರಾಟ್’ ಎನ್ನುವ ಗತಿಯಲ್ಲಿ ನಡೆಸುತ್ತಾರೆ. ಆ ಗತಿಯು ಎರಡೇ ತಾಳದ್ದಾದುದರಿಂದ ಎಡಬಲಗಳ ಭೇದವು ಕಣ್ಣಿಗೂ ಕಿವಿಗೂ ಬೇಗ ಸಿಕ್ಕುತ್ತದೆ. ನೋಯುವ ಮುಂಗಾಲು ನೆಲ ಮುಟ್ಟಿದಾಗ ಕುದುರೆಯು ತಲೆಯನ್ನು ಮೇಲಕ್ಕೆತ್ತಿ ಆ ಕಾಲಿನ ಭಾರವನ್ನು ಇಳಿಸುತ್ತದೆ. ಈ ಪರೀಕ್ಷೆಗೆ ಯಾವ ಯಂತ್ರವೂ ಬೇಡ. ಆಳಂದದ ಬಯಲಿನಲ್ಲಿ ಹತ್ತು ದಿನಗಳ ಕಾಲ ಸಾವಿರಾರು ಕುದುರೆಗಳನ್ನು ಕಂಡ ಅನುಭವಿಗಳು ಇದನ್ನು ಬಲ್ಲವರಾಗಿದ್ದರೆಂದು ಊಹಿಸುವುದು ಅಸಂಗತವಾಗದು. ವೇಗದ ಗತಿಯಲ್ಲಿ ಸೋಲುವ ಕಣ್ಣು ಮಂದಗತಿಯಲ್ಲಿ ಗೆಲ್ಲುತ್ತದೆ.

5

ಮನುಷ್ಯನ ಓಟವು ಬೇರೊಂದು ಬಗೆಯದು. ನಡೆಯುವಾಗ ನಮ್ಮ ಕಾಲು ತಲೆಕೆಳಗಾದ ಲೋಲಕದಂತೆ ವರ್ತಿಸುತ್ತದೆ. ದೇಹವು ನೆಟ್ಟಗಾದ ಕಾಲಿನ ಮೇಲೆ ಏರಿ ಇಳಿಯುತ್ತ ಎತ್ತರವನ್ನು ವೇಗವಾಗಿಯೂ ವೇಗವನ್ನು ಎತ್ತರವಾಗಿಯೂ ಬದಲಿಸಿಕೊಳ್ಳುತ್ತದೆ. ಓಡುವಾಗ ಲೋಲಕವು ಹೋಗಿ ಸ್ಪ್ರಿಂಗು ಬರುತ್ತದೆ. ಹಿಮ್ಮಡಿಯ ಮೇಲಿನ ಅಕಿಲಿಸ್ ರಜ್ಜುವೂ ಪಾದದ ಕಮಾನೂ ಹಿಗ್ಗಿ ಕುಗ್ಗಿ ಶಕ್ತಿಯನ್ನು ಉಳಿಸುತ್ತವೆ. ಒಂದು ಕಾಲು ನೆಲ ಬಿಟ್ಟ ಮೇಲೆ ಇನ್ನೊಂದು ಮುಟ್ಟುವವರೆಗೆ ಶರೀರವು ಗಾಳಿಯಲ್ಲಿರುತ್ತದೆ. ಹೀಗೆ ನಾಲ್ಕು ಕಾಲಿನ ಪ್ರಾಣಿಯು ಒಂದು ಆವರ್ತದಲ್ಲಿ ಒಮ್ಮೆ ಹಾರಿದರೆ ಎರಡು ಕಾಲಿನ ನಾವು ಎರಡು ಸಾರಿ ಹಾರುತ್ತೇವೆ.

ಎರಡಕ್ಕೂ ಸಾಮಾನ್ಯವಾದ ನಿಯಮವೂ ಒಂದುಂಟು. ವೇಗದ ವರ್ಗವನ್ನು ಕಾಲಿನ ಉದ್ದ ಮತ್ತು ಗುರುತ್ವಾಕರ್ಷಣದ ಗುಣಲಬ್ಧದಿಂದ ಭಾಗಿಸಿದರೆ ದೊರೆಯುವ ಸಂಖ್ಯೆಗೆ ಹಡಗುಗಳ ಚಲನೆಯನ್ನು ಅಭ್ಯಸಿಸಿದ ಫ್ರೌಡ್ ಎಂಬ ಎಂಜಿನಿಯರನ ಹೆಸರಿದೆ. ಆಂಗ್ಲ ವಿಜ್ಞಾನಿ ಅಲೆಗ್ಸಾಂಡರನು ಇದನ್ನು ಪ್ರಾಣಿಗಳ ನಡಿಗೆಗೆ ಅನ್ವಯಿಸಿ ತೋರಿಸಿದನು. ಈ ಸಂಖ್ಯೆಯು ಸುಮಾರು ಅರ್ಧವನ್ನು ಮುಟ್ಟಿದಾಗ ಮನುಷ್ಯನೂ ಕುದುರೆಯೂ ನಡಿಗೆಯನ್ನು ಬಿಟ್ಟು ಓಟಕ್ಕೆ ತೊಡಗುತ್ತಾರೆ. ಕಾಲಿನ ಉದ್ದ 0.9 ಮೀಟರ್ ಇರುವ ಮನುಷ್ಯನಿಗೆ ಇದು ಗಂಟೆಗೆ ಸುಮಾರು 7.5 ಕಿಲೋಮೀಟರ್ ವೇಗ. ಕಾಲಿನ ಉದ್ದ 1.2 ಮೀಟರ್ ಇರುವ ಕುದುರೆಗೆ ಸುಮಾರು 8.7 ಕಿಲೋಮೀಟರ್. ಸಂಖ್ಯೆಯು ಎರಡು ಮೂರರ ನಡುವೆ ಬಂದಾಗ ಕುದುರೆಯು ನಾಗಾಲೋಟಕ್ಕೆ ಏರುತ್ತದೆ. 1981ರಲ್ಲಿ ಹಾಯ್ಟ್ ಮತ್ತು ಟೇಲರ್ ಎಂಬ ವಿಜ್ಞಾನಿಗಳು ಚಲಿಸುವ ಪಟ್ಟಿಯ ಮೇಲೆ ಸಣ್ಣ ತಳಿಯ ಕುದುರೆಗಳನ್ನು ನಡೆಸಿ, ಅವು ಉಪಯೋಗಿಸಿದ ಆಮ್ಲಜನಕವನ್ನು ಅಳೆದು, ಪ್ರತಿ ಗತಿಗೂ ಅತ್ಯಲ್ಪ ವ್ಯಯದ ಒಂದು ವೇಗವಿದೆಯೆಂದೂ, ತಮ್ಮಷ್ಟಕ್ಕೆ ಬಿಟ್ಟಾಗ ಕುದುರೆಗಳು ಆ ವೇಗವನ್ನೇ ಆರಿಸಿಕೊಳ್ಳುತ್ತವೆಂದೂ ತೋರಿಸಿದರು. ಪ್ರಾಚೀನರ ಪಂಚಧಾರೆಯ ಹಿಂದಿರುವ ಅರ್ಥವು ಹೀಗೆ ಸ್ಪಷ್ಟವಾಗುತ್ತದೆ: ಗತಿಯ ಬದಲಾವಣೆಯು ಅಲಂಕಾರವಲ್ಲ, ಮಿತವ್ಯಯ.

6

ಈ ತಿಳಿವಳಿಕೆಯಿಂದ ಇತಿಹಾಸದ ಎರಡು ಹಳೆಯ ಸಾಕ್ಷ್ಯಗಳಿಗೆ ಹೊಸ ಅರ್ಥ ಬರುತ್ತದೆ.

ಮೊದಲನೆಯದು ಇಬ್ನ್ ಬತೂತನ ಹೇಳಿಕೆ. 1333ರಲ್ಲಿ ಸಿಂಧೂ ತೀರಕ್ಕೆ ಬಂದ ಈ ಪ್ರವಾಸಿಯು ಮಹಮ್ಮದ್ ತುಘಲಕನ ಅಂಚೆಯ ಏರ್ಪಾಡನ್ನು ವರ್ಣಿಸುತ್ತಾನೆ. ಕಲಬುರಗಿಯ ಸೀಮೆಯೂ ಆಗ ತುಘಲಕರ ಆಳ್ವಿಕೆಗೆ ಒಳಪಟ್ಟಿತ್ತು. ಕುದುರೆಯ ಅಂಚೆಗೆ ನಾಲ್ಕು ಮೈಲಿಗೊಂದು ಠಾಣೆ. ಕಾಲಾಳಿನ ಅಂಚೆಗೆ ಒಂದು ಮೈಲಿಯಲ್ಲಿ ಮೂರು ಠಾಣೆಗಳು. ಓಟಗಾರನು ಗೆಜ್ಜೆ ಕಟ್ಟಿದ ಕೋಲನ್ನು ಹಿಡಿದು ಓಡುತ್ತಾನೆ. ಸದ್ದು ಕೇಳಿದೊಡನೆ ಮುಂದಿನವನು ಸಿದ್ಧನಾಗುತ್ತಾನೆ. ಕುದುರೆಯ ಅಂಚೆಗಿಂತ ಕಾಲಾಳಿನ ಅಂಚೆಯೇ ಶೀಘ್ರವೆಂದು ಅವನ ಮಾತು. ಓದುಗರು ಇದನ್ನು ಅತಿಶಯೋಕ್ತಿಯೆಂದು ತಳ್ಳಿಹಾಕುವ ಸಂಭವವುಂಟು. ಉಸೇನ್ ಬೋಲ್ಟನು 2009ರಲ್ಲಿ ನೂರು ಮೀಟರನ್ನು 9.58 ಸೆಕೆಂಡುಗಳಲ್ಲಿ ಓಡಿದ ದಾಖಲೆಯ ಸರಾಸರಿ ವೇಗವೇ ಗಂಟೆಗೆ 38 ಕಿಲೋಮೀಟರಿಗಿಂತ ಕಡಿಮೆ, ಪಂದ್ಯದ ಕುದುರೆಯು 60 ಕಿಲೋಮೀಟರನ್ನು ಮೀರುತ್ತದೆ. ಹೀಗಿರುವಾಗ ಮನುಷ್ಯನು ಗೆಲ್ಲುವುದೆಂತು?

ಉತ್ತರವು ದೂರದಲ್ಲಿಯೂ ಬಿಸಿಲಿನಲ್ಲಿಯೂ ಇದೆ. ಕುದುರೆಯ ನಾಗಾಲೋಟವು ಕೆಲವು ನಿಮಿಷಗಳದ್ದು. ಅಷ್ಟು ದೊಡ್ಡ ದೇಹದಲ್ಲಿ ಹುಟ್ಟುವ ಶಾಖವನ್ನು ಹೊರಹಾಕಲು ತೊಗಲಿನ ವಿಸ್ತಾರವು ಸಾಲದು. ಕುದುರೆಯೂ ಚೆನ್ನಾಗಿ ಬೆವರುವ ಪ್ರಾಣಿಯೇ. ಆದರೆ ರೋಮರಹಿತವೆನ್ನಬಹುದಾದ ಮೈಯ, ನೆಟ್ಟಗೆ ನಿಂತ, ಉಸಿರಿನ ತಾಳವನ್ನು ಹೆಜ್ಜೆಯ ತಾಳಕ್ಕೆ ಬೇಕಾದಂತೆ ಹೊಂದಿಸಿಕೊಳ್ಳಬಲ್ಲ ಮನುಷ್ಯನು ದೀರ್ಘ ಓಟದಲ್ಲಿ ಅದಕ್ಕೆ ಸರಿಸಾಟಿಯಾಗುತ್ತಾನೆ. ವೇಲ್ಸಿನ ಲ್ಯಾನುರ್ಟಿಡ್ ವೆಲ್ಸ್ ಎಂಬ ಊರಿನಲ್ಲಿ 1980ರಿಂದ ನಡೆದುಬಂದಿರುವ ಮನುಷ್ಯ–ಕುದುರೆಗಳ ಪಂದ್ಯದಲ್ಲಿ, ಸುಮಾರು 35 ಕಿಲೋಮೀಟರ್ ಗುಡ್ಡದ ಹಾದಿಯಲ್ಲಿ, 2004ರಲ್ಲಿ ಮೊದಲ ಬಾರಿಗೆ ಹ್ಯೂ ಲಾಬ್ ಎಂಬ ಓಟಗಾರನು ಕುದುರೆಗಳನ್ನು ಸೋಲಿಸಿದನು. ಮೈಲಿಯ ಮೂರನೆಯ ಒಂದು ಭಾಗಕ್ಕೊಮ್ಮೆ ಹೊಸ ಓಟಗಾರನು ದೊರೆಯುವಲ್ಲಿ, ಸವಾರನನ್ನು ಹೊತ್ತು ನಾಲ್ಕು ಮೈಲಿ ಓಡಬೇಕಾದ ಕುದುರೆಯು ಹಿಂದುಳಿದರೆ ಆಶ್ಚರ್ಯವಿಲ್ಲ. ತುಘಲಕನ ಅಂಚೆಯು ಮಾನವ ಶರೀರದ ಸಾಮರ್ಥ್ಯವನ್ನು ಚೆನ್ನಾಗಿ ಅರಿತ ಏರ್ಪಾಡಾಗಿತ್ತು. ಅದರ ವೇಗವು ಹೆಸರಿಲ್ಲದ ಓಟಗಾರರ ಕಾಲುಗಳಿಂದ ಬಂದುದೆಂಬುದನ್ನು ನಾವು ಮರೆಯಬಾರದು.

ಎರಡನೆಯದು ಮಾರ್ಕೊ ಪೋಲೋವಿನ ಸಾಕ್ಷ್ಯ. ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯ ಮಾಬರ್ ದೇಶವನ್ನು ವರ್ಣಿಸುತ್ತ, ಅಲ್ಲಿ ಉತ್ತಮ ಜಾತಿಯ ಕುದುರೆಗಳ ಸಂಗಮದಿಂದಲೂ ಸೊಟ್ಟಗಾಲಿನ, ಸವಾರಿಗೆ ಬಾರದ ಮರಿಗಳೇ ಹುಟ್ಟುತ್ತವೆಂದೂ, ಕುದುರೆಗಳಿಗೆ ಅನ್ನವನ್ನೂ ಬೇಯಿಸಿದ ಮಾಂಸವನ್ನೂ ತಿನಿಸುತ್ತಾರೆಂದೂ ಅವನು ಬರೆದನು. ನಿಕಿತಿನನೂ ಬಹಮನಿ ರಾಜ್ಯದಲ್ಲಿ ಕುದುರೆಗಳಿಗೆ ಕಡಲೆಯನ್ನೂ ಸಕ್ಕರೆ ಎಣ್ಣೆ ಬೆರೆಸಿ ಬೇಯಿಸಿದ ಕಿಚಡಿಯನ್ನೂ ಕೊಡುತ್ತಿದ್ದರೆಂದು ಹೇಳುತ್ತಾನೆ. ಧಾನ್ಯವೂ ತೌಡೂ ಹೆಚ್ಚಾಗಿ ಹಸುರುಮೇವು ಕಡಿಮೆಯಾದರೆ ರಂಜಕವು ಏರಿ ಸುಣ್ಣದಂಶವು ಇಳಿದು ಕುದುರೆಯ ಎಲುಬು ಬಲಗುಂದುತ್ತದೆಂಬುದು ಇಂದಿನ ಪಶುವೈದ್ಯವು ಬಲ್ಲ ವಿಷಯ. ಬೆಳೆಯುವ ಮರಿಯಲ್ಲಿ ಅದರ ಪರಿಣಾಮವು ಕಾಲುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಸೊಟ್ಟಗಾಲಿಗೆ ಇದೊಂದೇ ಕಾರಣವೆಂದು ನಾವು ವಾದಿಸುವುದಿಲ್ಲ. ಹವೆ, ಹುಲ್ಲುಗಾವಲುಗಳ ಅಭಾವ, ಸಾಕುವವರ ಅನುಭವದ ಕೊರತೆ ಇವೂ ಕೂಡಿರಬಹುದು. ಆದರೆ ಮೇವಿನ ದೋಷವನ್ನು ಗಣಿಸದೆ ಕೇವಲ ಹವೆಯನ್ನು ದೂರುವ ವಿವರಣೆಯು ಅಪೂರ್ಣ.

ಈ ದೌರ್ಬಲ್ಯದ ಬೆಲೆಯನ್ನು ತೆತ್ತವರು ದಕ್ಷಿಣದ ಪ್ರಜೆಗಳು. ಬಹಮನಿ ಸುಲ್ತಾನರು ದಾಭೋಳ, ಚೌಲ ಬಂದರುಗಳಿಂದ ಕುದುರೆಗಳನ್ನು ತರಿಸಿದರು. ವಿಜಯನಗರದ ಅರಸನು ವರ್ಷಕ್ಕೆ ಹದಿಮೂರು ಸಾವಿರ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನೂನಿಜನು ಹೇಳಿದನು. ಸಂಖ್ಯೆಯಲ್ಲಿ ಉತ್ಪ್ರೇಕ್ಷೆಯಿದ್ದರೂ ದಿಕ್ಕು ಒಂದೇ: ಒಕ್ಕಲಿಗನು ಎರೆಭೂಮಿಯಲ್ಲಿ ಬೆಳೆದುದರ ಒಂದು ಪಾಲು ತೆರಿಗೆಯಾಗಿ, ತೆರಿಗೆಯು ಹಣವಾಗಿ, ಹಣವು ಕುದುರೆಯ ಕಾಲುಗಳಿಗಾಗಿ ಸಮುದ್ರದಾಚೆಗೆ ಹರಿಯಿತು. ಹಾಗೆ ಬಂದ ಕುದುರೆಯು ಮುಂಗಾರಿನ ಕೆಸರಿನಲ್ಲಿ ಹೂತು ರಜ್ಜು ಹರಿದುಕೊಂಡರೆ ಆ ಧನವೆಲ್ಲ ಒಂದು ಹೆಜ್ಜೆಯಲ್ಲಿ ಮುಗಿಯಿತು.

7

ಇಷ್ಟರಿಂದ ಕೆಲವು ನಿರ್ಣಯಗಳನ್ನು ಹೇಳಬಹುದು. ಗತಿಗಳ ವಿಂಗಡಣೆಯಲ್ಲಿ ನಮ್ಮ ಶಾಸ್ತ್ರಕಾರರು ನೈಜವಾದ ಭೇದವನ್ನೇ ಗುರುತಿಸಿದ್ದರು. ಗತಿಯೊಳಗಿನ ಕಾಲಿನ ಅನುಕ್ರಮವು ಮಾತ್ರ 1870ರ ದಶಕದ ಯಂತ್ರಗಳು ಬರುವವರೆಗೆ ಎಲ್ಲ ದೇಶದವರಿಗೂ ಮರೆಯಾಗಿತ್ತು. ಶಿಲ್ಪದ ಕುದುರೆಯಿಂದ ಆಯುಧ, ಜೀನು, ಲಗಾಮುಗಳನ್ನು ಅರಿಯಬಹುದು, ಓಟವನ್ನು ಅರಿಯಲಾಗದು. ಪ್ರವಾಸಿಗಳ ಹೇಳಿಕೆಗಳಲ್ಲಿ ವಿಚಿತ್ರವೆಂದು ತೋರುವುದನ್ನು ತಳ್ಳಿಹಾಕುವ ಮುನ್ನ ಶರೀರವಿಜ್ಞಾನವನ್ನು ಕೇಳಿ ನೋಡಬೇಕು.

ಆಳಂದದ ಸಂತೆಯ ವಿಷಯದಲ್ಲಿ ಆಗಬೇಕಾದ ಕಾರ್ಯವು ಇನ್ನೂ ಬಹಳವಿದೆ. ಸುತ್ತಮುತ್ತಲಿನ ಗ್ರಾಮಗಳ ಸ್ಥಳನಾಮಗಳು, ಹಳೆಯ ದಾರಿಗಳು, ಕೆರೆಬಾವಿಗಳು, ವೀರಗಲ್ಲುಗಳು ಇವನ್ನು ಒಟ್ಟಾಗಿ ಪರಿಶೀಲಿಸಬೇಕು. ಸಾವಿರಾರು ಕುದುರೆಗಳು ಹತ್ತು ದಿನ ತಂಗುವುದಕ್ಕೆ ಎಷ್ಟು ನೀರೂ ಎಷ್ಟು ಮೇವೂ ಬೇಕಾಗುತ್ತಿತ್ತೆಂಬ ಲೆಕ್ಕವೇ ನಿಕಿತಿನನ ಸಂಖ್ಯೆಯನ್ನು ಒರೆಗೆ ಹಚ್ಚುವ ಒಳ್ಳೆಯ ಉಪಾಯ. ಪ್ರಾಪ್ತವಯಸ್ಸಿನ ಕುದುರೆಯೊಂದು ದಿನಕ್ಕೆ ಇಪ್ಪತ್ತೈದರಿಂದ ನಲವತ್ತು ಲೀಟರು ನೀರು ಕುಡಿಯುತ್ತದೆ. ಇಪ್ಪತ್ತು ಸಾವಿರ ಕುದುರೆಗಳು ಏಕಕಾಲದಲ್ಲಿ ನೆರೆದಿದ್ದರೆ ದಿನಕ್ಕೆ ಐದು ಲಕ್ಷ ಲೀಟರಿಗೆ ಕಡಿಮೆಯಿಲ್ಲದಷ್ಟು ನೀರು ಬೇಕಾಗುತ್ತಿತ್ತು. ಆ ನೀರು ಎಲ್ಲಿಂದ ಒದಗಿತೆಂಬುದನ್ನು ಆಳಂದದ ನೆಲವೇ ಹೇಳಬೇಕು. ಈ ಭಾಗದ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಬೇಸಗೆಯ ರಜೆಯಲ್ಲಿ ಕೈಗೊಳ್ಳಬಹುದಾದ ಕೆಲಸವಿದು.